ಕೂಸಿನ ಹಣೆಯ ಕೆಂಪು ಉಂಗುರಗಳು

"ಮುಟ್ಟಬ್ಯಾಡ್ರಿ ಕೂಸನ್ನ!"

ಸುಧಾರಾಣಿ ಗಂಡ ಫಕ್ಕೀರೇಶನ ಕೈಯಿಂದ ಮಗಳನ್ನು ಕಸಿದುಕೊಂಡಳು. ಕದರಮಂಡಲಗಿಯ ತವರುಮನೆಯಲ್ಲಿ ಅಂದು ತೊಟ್ಟಿಲ ಕಾರ್ಯ. ಪಡಸಾಲೆಯ ತುಂಬ ಹೆಂಗಸರು. ಇಪ್ಪತ್ತೊಂದು ದಿನದ ಕೂಸಿನ ಹಣೆಯ ಮೇಲೆ, ಕಣ್ಣಿನ ಸುತ್ತ ಕೆಂಪು ಉಂಗುರಗಳು ಎದ್ದಿದ್ದವು.

ಐದು ನಿಮಿಷದ ಮುಂಚೆ ಅತ್ತೆ ದುರಗವ್ವ ಎಲ್ಲರಿಗೂ ಕೇಳುವಂತೆ ಅಂದಿದ್ದಳು: "ಮೈ ತೊಳ್ಕೊಳ್ಳಾಕ ಬರದಾಕಿ ಹಡದ್ರ ಹಿಂಗ ಆಗ್ತೈತಿ."

ತನ್ನ ಅವಮಾನವನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಹಗುರಾಗುತ್ತದೆ ಅನ್ನುವ ಹುಚ್ಚು ಎಲ್ಲರಿಗೂ ಒಮ್ಮೆ ಹಿಡಿಯುತ್ತದೆ. ಸುಧಾರಾಣಿಗೆ ಹಿಡಿದದ್ದು ಆ ಗಳಿಗೆಯಲ್ಲಿ.

"ಗಜಕರ್ಣ ಇರೋದು ನಿಮ್ಮ ಮಗಗ. ಸೊಂಟದ ಸುತ್ತ. ನನಗ ತೋರ್ಸ್ಯಾರ."

ಹೆಂಗಸರೆಲ್ಲ ಫಕ್ಕೀರೇಶನತ್ತ ತಿರುಗಿ ನೋಡಿದರು.

ಫಕ್ಕೀರೇಶ ರಾಣೇಬೆನ್ನೂರಿನಲ್ಲಿ ಲೇಡೀಸ್ ಟೇಲರ್. ಮದುವೆಯಾದ ವಾರದಲ್ಲಿ, ತಲೆ ತಗ್ಗಿಸಿ, ಅವಳೊಬ್ಬಳಿಗೇ ಆ ಮಾತು ಹೇಳಿದ್ದ. ಮುಲಾಮು ಹಚ್ಚಿ ವಾಸಿಯಾಗಿ ಆಗಲೇ ವರ್ಷ ದಾಟಿತ್ತು. ಅಷ್ಟನ್ನು ಹೇಳಿದ್ದರೂ ಸಾಕಿತ್ತು... ಅವನು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಎರಡು ತಿಂಗಳು ಅವನ ಫೋನೂ ಇಲ್ಲ, ಸುಳಿವೂ ಇಲ್ಲ. ಸುದ್ದಿಗೆ ಮಾತ್ರ ಬಸ್ಸಿನ ಟಿಕೆಟ್ ಬೇಕಿಲ್ಲ ನೋಡಿ, ಅದು ಮರುದಿನವೇ ರಾಣೇಬೆನ್ನೂರು ಮುಟ್ಟಿತ್ತು. ಗಜಕರ್ಣದ ಟೇಲರ್ ಕೈಗೆ ಬ್ಲೌಸ್ ಯಾರು ಕೊಡುತ್ತಾರೆ?

ನಾ ಹೇಳಿದ್ದು ಖರೇನ ಐತಲ್ಲ... ಎಂದು ಸುಧಾರಾಣಿ ದಿನಾ ತನಗೆ ತಾನೇ ಹೇಳಿಕೊಂಡಳು. ಎಣ್ಣೆ ನೀರು ಹಾಕಿ ಕೂಸನ್ನು ಎಳೆಬಿಸಿಲಿಗೆ ಮಲಗಿಸಿದಳು, ಗಜಕರ್ಣದ ಮುಲಾಮು ಹಚ್ಚಿದಳು. ಉಂಗುರಗಳು ಹೆಚ್ಚುತ್ತಲೇ ಹೋದವು.

ಕಡೆಗೆ ಅವ್ವ ಗದಿಗೆವ್ವನ ಜೊತೆ ಹಾವೇರಿಗೆ ಹೋದಳು. ಚರ್ಮದ ಡಾಕ್ಟರ್ ಶ್ವೇತಾ ಕೂಸಿನ ಹಣೆಯನ್ನು ಹಗುರಾಗಿ ಕೆರೆದು, ಆ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು.

"ಇದು ಗಜಕರ್ಣ ಅಲ್ಲ ತಂಗಿ. ನಿನಗ ಕಣ್ಣು ಉರೀತಾವೇನು? ಬಾಯಿ ಒಣಗ್ತೈತೇನು?"

"ಉರೀತಾವ್ರಿ. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಸಾಕಿ ನಾನು. ನಮ್ಮ ಓಣ್ಯಾಗ ಯಾರ ಕಣ್ಣು ಉರಿಯಂಗಿಲ್ಲ ಹೇಳ್ರಿ?"

"ಆ ಕೆಲಸ ಬಿಟ್ಟು ಎಷ್ಟು ದಿನಾತು?"

"ಬಸುರಾದಾಗ ಬಿಟ್ಟೇನ್ರಿ."

"ಮತ್ತ ಈಗೂ ಯಾಕ ಉರೀತಾವು?"

ಡಾಕ್ಟರ್ ಸುಧಾರಾಣಿಯ ರಕ್ತ ತೆಗೆಸಿದರು. ಅದು ಪರೀಕ್ಷೆಗೆ ಹುಬ್ಬಳ್ಳಿಗೆ ಹೋಯಿತು. ಕೂಸಿನ ಎದೆಬಡಿತ ನೋಡಲು ಇಸಿಜಿ ಮಾಡಿದರು. ವಾರದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು.

"ನಿನ್ನ ಕಣ್ಣು ಉರಿಯಾಕ ಕಾರಣ ನಿನ್ನ ರಕ್ತದಾಗಿನ ಒಂದು ಅಂಶ. ಅದ ಹೊಟ್ಟಿಯೊಳಗ ಇದ್ದಾಗನ ಕೂಸಿಗೆ ಇಳದೈತಿ. ಬಿಸಿಲು ಬಿದ್ರ ಉಂಗುರ ಹೆಚ್ಚಾಗ್ತಾವ. ಆರೇಳು ತಿಂಗಳಿಗೆ ತಾವಾಗೇ ಹೋಗ್ತಾವ. ಕೂಸಿನ ಎದಿ ಬಡಿತ ಚಲೋ ಐತಿ. ಇದರಾಗ ನಿನ್ನ ತಪ್ಪೇನೂ ಇಲ್ಲ."

ರೋಗದ್ದು ತಪ್ಪಲ್ಲ, ಸರಿ. ಆದರೆ ಆ ಮಾತು? ಅವನು ನಂಬಿ ಹೇಳಿದ್ದನ್ನು ಊರ ಮುಂದೆ ಬಿಚ್ಚಿಟ್ಟವಳು ತಾನೇ ಅಲ್ಲವೇ? ಸುಧಾರಾಣಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವ್ವನ ಮುಖ ನೋಡಲೂ ಧೈರ್ಯ ಸಾಲಲಿಲ್ಲ.

"ನಾ ರಾಣೇಬೆನ್ನೂರಿಗೆ ಹೋಗ್ತೇನಿ."

"ಮೂರು ತಿಂಗಳ ಬಾಣಂತಿ ನೀನು," ಗದಿಗೆವ್ವ ಗಾಬರಿಯಾದಳು. "ಗಂಡನ ಮನ್ಯಾವ್ರು ಕರಿಯಾಕ ಬರದ ನೀನ ಹೋದ್ರ ಮಂದಿ ಏನಂದಾರು?"

"ಅನ್ಲಿ ಬಿಡಬೇ. ನಾ ಅಂದಿದ್ದಕ್ಕಿಂತ ಕೆಟ್ಟದ್ದು ಏನಂದಾರು?"

ಕೂಸಿನ ಮೇಲೆ ಕೊಡೆ ಹಿಡಿದು ರಾಣೇಬೆನ್ನೂರಿನಲ್ಲಿ ಗಂಡನ ಅಂಗಡಿಯ ಮುಂದೆ ನಿಂತಾಗ ಒಳಗೆ ಅಕ್ಬರಬಿ ಎಂಬ ಹಳೆಯ ಗಿರಾಕಿ, ಹೊಲಿಯಲು ಕೊಟ್ಟ ಬಟ್ಟೆಯನ್ನು ವಾಪಸು ಪಡೆಯುತ್ತಿದ್ದಳು. ಫಕ್ಕೀರೇಶ ಮಡಚಿ ಕೊಡುತ್ತಿದ್ದ. ಹೆಂಡತಿಯನ್ನು ಕಂಡು ಅವನ ಕೈ ನಿಂತಿತು.

ಸುಧಾರಾಣಿ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

"ಅಕ್ಬರಬಿ, ಇವರಿಗೆ ಯಾವ ರೋಗಾನೂ ಇಲ್ಲ. ಕೂಸಿಗೆ ಆಗಿದ್ದು ನನ್ನ ರಕ್ತದಿಂದ. ನಾನ ಸುಳ್ಳ ಇವರ ಹೆಸರು ಕೆಡಿಸೇನಿ."

ಅಕ್ಬರಬಿ ಇಬ್ಬರನ್ನೂ ನೋಡಿದಳು. ಬಟ್ಟೆಯನ್ನು ಮತ್ತೆ ಮಿಷಿನ್ನಿನ ಮೇಲಿಟ್ಟು, "ರವಿವಾರ ಬರ್ತೇನಿ," ಎಂದು ಹೋದಳು.

"ಕೂಸಿನ ಜೀವಕ್ಕೇನೂ ಇಲ್ಲಲ್ಲ?" ಫಕ್ಕೀರೇಶನ ಮೊದಲ ಮಾತು ಅದೇ.

"ಇಲ್ರಿ. ಎದಿ ಬಡಿತ ಚಲೋ ಐತಂತ."

"ನಿನಗ?"

"ಕಣ್ಣಿಗೆ ಹನಿ ಕೊಟ್ಟಾರ..." ಅವಳಿಗೆ ಅಳು ಉಕ್ಕಿ ಬಂತು. "ನೀವು ನಂಬಿ ಹೇಳಿದ್ರಿ. ನಾ..."

"ಅದನ್ನ ನೆನಸ್ಕೊಂಡ್ರ ಈಗೂ ಮೈ ಉರೀತೈತಿ. ಸಿಟ್ಟು ಇಳಿದಿಲ್ಲ ನಂದು."

"ಇಳಿಯೂತನಕ ಬೈರಿ. ಬೈಸ್ಕೊಂತೇನಿ."

ಫಕ್ಕೀರೇಶ ಅವಳ ಕೈಯಿಂದ ಕೊಡೆ ತೆಗೆದುಕೊಂಡು ಕೂಸಿಗೆ ಸರಿಯಾಗಿ ನೆರಳಾಗುವಂತೆ ಹಿಡಿದ.

"ಬೈಯಾಕ ನೀ ಮನಿಯಾಗ ಇರಬೇಕಲ್ಲ? ಕದರಮಂಡಲಗ್ಯಾಗ ಕುಂತ್ರ ನಾ ಯಾರನ್ನ ಬೈಲಿ?"