ಕಾಲಿಂಚು ಹೆಚ್ಚು ಬಿಟ್ಟ ಕೋಟು

ಕತ್ತರಿ ಇನ್ನೂ ಒಂಟಿ ಬಾಯಿಯ ಚಾಕುವಾಗಿದ್ದ ಕಾಲದಲ್ಲಿ ಒಬ್ಬ ದರ್ಜಿ ಹುಡುಗಿ ಇದ್ದಳಂತೆ. ದಾರಿಹೋಕನೊಬ್ಬ ಬಂದು ಕೋಟು ಹೊಲಿದುಕೊಡು ಎಂದನಂತೆ. ಅವಳು ಮಾತು ಕೊಟ್ಟಳು. ಅಳತೆ ತೆಗೆಯುತ್ತ ತೆಗೆಯುತ್ತ ತನ್ನ ಹೊಲಿಗೆಯ ಗುಟ್ಟನ್ನೂ ಕೊಟ್ಟುಬಿಟ್ಟಳು. ಅವನು ಗುಟ್ಟು ತೆಗೆದುಕೊಂಡು ಹೋದ, ಕೋಟು ಮರೆತ. ಅವಳು ಮಾತ್ರ ಕೂತು ಅದನ್ನು ಹೊಲಿದು ಮುಗಿಸಿದಳಂತೆ.

“ಮೋಸ ಮಾಡಿದವನಿಗೆ ಯಾಕಜ್ಜಿ ಹೊಲಿಬೇಕು?” ಎಂದು ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ಕೇಳುತ್ತಿದ್ದೆ.

“ಕೈಗೆ ಸೂಜಿ ಬರಲಿ, ಆಮೇಲೆ ಕೇಳು,” ಎನ್ನುತ್ತಿದ್ದಳು ಅಜ್ಜಿ.

ಸೂಜಿ ಬಂತು. ದಾರಿಹೋಕನೂ ಬಂದ.

ಅವನು ಬಂದದ್ದು ನಾನು ಕೆಲಸಕ್ಕಿದ್ದ ಟೈಲರ್ ಅಂಗಡಿಗೆ, ಕಂಪ್ಯೂಟರ್ ಕೂರಿಸಿಕೊಡಲು. ಒಂದು ವಾರದ ಕೆಲಸಕ್ಕೆ ಒಂದು ತಿಂಗಳು ಹಿಡಿಸಿದ. ನಾನು ಬಟ್ಟೆ ಕತ್ತರಿಸುವ ಮೇಜಿನ ಎದುರಿಗೇ ಅವನ ಕುರ್ಚಿ. ತಲೆ ಎತ್ತಿದಾಗಲೆಲ್ಲ ಅವನ ಕಣ್ಣು ಸರಕ್ಕನೆ ಪರದೆಗೆ ಓಡುತ್ತಿತ್ತು, ಕಿವಿ ಮಾತ್ರ ಕೆಂಪಗೆ ಅಲ್ಲೇ ಉಳಿಯುತ್ತಿತ್ತು.

“ಎಲ್ಲಾ ಬಟ್ಟೆಗೂ ಒಳಗಡೆ ಕಾಲಿಂಚು ಹೆಚ್ಚು ಬಿಡ್ತೀರಲ್ಲ, ಯಾಕೆ?” ಎಂದ ಒಂದು ದಿನ.

“ನಾಳೆ ದಪ್ಪ ಆದ್ರೆ ಬಿಚ್ಚಿ ದೊಡ್ಡದು ಮಾಡೋಕೆ.”

“ನಂಗೊಂದು ಕೋಟು ಹೊಲೀತೀರಾ?”

“ಹೊಲೀತೀನಿ. ನಿಮಗೆ ಅರ್ಧ ಇಂಚು ಬಿಡಬೇಕಾಗುತ್ತೆ. ತಿನ್ನೋದು ನೋಡಿದೀನಿ.”

ಅವತ್ತಿನಿಂದ ನನ್ನ ಹೆಸರು ಕಾಲಿಂಚು ಆಯಿತು. ಬಹುವಚನವೂ ಅಲ್ಲೇ ಉದುರಿಹೋಯಿತು.

ಅವನೇ ನನಗೆ ಮುಂದಿನದು ಯೋಚಿಸಲು ಕಲಿಸಿದ್ದು. “ಬರೀ ಕೈ ನಂಬ್ಕೊಂಡ್ರೆ ಐದು ವರ್ಷದಲ್ಲಿ ನೀನೂ ಇರಲ್ಲ, ಈ ಮೇಜೂ ಇರಲ್ಲ ಕಣೇ. ಬರೀ ಕಂಪ್ಯೂಟರ್ ನಂಬಿದ್ರೆ ನಾನೂ ಇರಲ್ಲ. ಎರಡೂ ಸೇರಬೇಕು,” ಎಂದು ಕಂದು ಕಾಗದದ ಮೇಲೆ ನಮ್ಮ ಪ್ಲಾನ್ ಬರೆದ. ಮೊದಲ ವರ್ಷ, ನನ್ನ ಪ್ಯಾಟರ್ನ್‌ಗಳೆಲ್ಲ ಕಂಪ್ಯೂಟರಿಗೆ. ಎರಡನೇ ವರ್ಷ, ಅವನು ದೊಡ್ಡ ಕಂಪನಿಯಲ್ಲಿ ಅನುಭವ ಪಡೆಯುವುದು. ಮೂರನೇ ವರ್ಷ, ನಮ್ಮದೇ ಅಂಗಡಿ. ನಾಲ್ಕನೇ ವರ್ಷದ ಎದುರು ಏನೂ ಬರೆಯದೆ ಎರಡು ಟೀ ಕಪ್ಪುಗಳ ಚಿತ್ರ ಬಿಡಿಸಿ ನನ್ನ ಮುಖ ನೋಡಿದ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಅವತ್ತು ಬಟ್ಟೆಯ ಮೇಲೆ ಪೂರಾ ಸೊಟ್ಟಗೆ ಓಡಿತು.

ಅಂಗಡಿ ತೆರೆಯುವ ದಿನ ಅವನು ನಾನು ಹೊಲಿದ ಕೋಟು ಹಾಕಬೇಕು. ಅದು ನಾನು ಕೊಟ್ಟ ಮಾತು.

ಏಳು ವರ್ಷ ಮನೆಯಲ್ಲಿ ಕೂತು ಮಾಡಿದ ಹೆಂಗಸರ ಜಾಕೆಟ್ಟಿನ ಪ್ಯಾಟರ್ನ್‌ಗಳ ಸುರುಳಿಯನ್ನು ನಾನೇ ಅವನ ಕೈಗಿಟ್ಟೆ. ಅವನು ಒಂದೊಂದನ್ನೂ ಹರಡಿ ಫೋಟೋ ತೆಗೆದ. ಎರಡನೇ ವರ್ಷ ಹೇಳಿದಂತೆಯೇ ಕಂಪನಿ ಸೇರಿದ. ಫೋನಿನಲ್ಲಿ “ಬ್ಯುಸಿ ಕಣೇ” ಎನ್ನುವುದು ಮೊದಲು ವಾರಕ್ಕೊಮ್ಮೆ ಇತ್ತು, ಆಮೇಲೆ ದಿನಕ್ಕೊಮ್ಮೆ ಆಯಿತು, ಕೊನೆಗೆ ಫೋನ್ ಎತ್ತುವುದೇ ನಿಂತಿತು.

ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಹೊಸ ಜಾಕೆಟ್ಟು. ಎಡಭುಜ ಉಗುರಿನಷ್ಟು ಕೆಳಗೆ ಜಾರಿತ್ತು. ಅವಳು ಎಳೆದು ಎಳೆದು ಸರಿಮಾಡಿಕೊಳ್ಳುತ್ತಿದ್ದಳು.

ಅದು ನನ್ನ ಅಜ್ಜಿಯ ಭುಜ.

ಬಟ್ಟೆ ಗಂಟು ಹೊತ್ತು ಮನೆಮನೆಗೆ ಮಾರಿ ಅಜ್ಜಿಯ ಎಡಭುಜ ಇಳಿದುಹೋಗಿತ್ತು. ನಾನು ಕಲಿತದ್ದು ಅವಳ ಮೈಮೇಲೆ. ಹಾಗಾಗಿ ನನ್ನ ಪ್ಯಾಟರ್ನ್‌ಗಳಲ್ಲೆಲ್ಲ ಎಡಭುಜ ಇಳಿದೇ ಇದೆ. ಬಟ್ಟೆ ಕತ್ತರಿಸುವಾಗ ಆ ಭುಜದ ಹತ್ತಿರ ಕತ್ತರಿಯನ್ನು ಉಗುರಿನಷ್ಟು ಮೇಲೆತ್ತುತ್ತೇನೆ, ಸರಿಹೋಗುತ್ತದೆ. ಅದನ್ನು ಎಲ್ಲೂ ಬರೆದಿಟ್ಟಿಲ್ಲ. ಮೇಜಿನ ಎದುರು ಕೂತ ಆ ತಿಂಗಳಲ್ಲಿ ಅವನು ನನ್ನ ಕೈ ನೋಡಿದ್ದರೆ ತಿಳಿಯುತ್ತಿತ್ತು. ಅವನು ನನ್ನ ಮುಖ ನೋಡುತ್ತಿದ್ದ.

ಜಾಕೆಟ್ಟಿನ ಕತ್ತಿನ ಪಟ್ಟಿಯಲ್ಲಿ ಅವನ ಕಂಪನಿಯ ಹೆಸರಿತ್ತು.

ಅಜ್ಜಿಗೆ ಹೇಳಿದೆ. ಅವಳು “ನನ್ನ ಭುಜ ಊರ ತುಂಬಾ ತಿರುಗ್ತಿದೆ, ನಾನು ಮಾತ್ರ ಮನೇಲಿ ಕೂತಿದೀನಿ. ಚಪ್ಪಲಿ ಎಲ್ಲಿ?” ಎಂದಳು.

ಕಂಪನಿ ನಡೆಸುವ ಮೇಡಂ ಮುಂದೆ ಅವನು “ಡಿಸೈನ್ ಹೆಡ್” ಎಂಬ ಬಿಲ್ಲೆ ತೂಗಿಸಿಕೊಂಡು ನಿಂತಿದ್ದ. ನಮ್ಮನ್ನು ಕಂಡು ಬಿಳಿಚಿಕೊಂಡ. ಮೂಲೆಯಲ್ಲಿ ಭುಜ ಸರಿಯಿಲ್ಲವೆಂದು ವಾಪಸು ಬಂದ ಜಾಕೆಟ್ಟುಗಳ ರಾಶಿ.

“ಈ ಪ್ಯಾಟರ್ನ್ ನಿಮ್ಮದು ಅನ್ನೋಕೆ ಏನಮ್ಮಾ ಸಾಕ್ಷಿ?” ಎಂದರು ಮೇಡಂ.

ನಾನು ರಾಶಿಯಿಂದ ಒಂದು ತೆಗೆದು ಅಜ್ಜಿಗೆ ತೊಡಿಸಿದೆ. ಯಾರ ಮೈಗೂ ಕೂರದ ಜಾಕೆಟ್ಟು ಅಜ್ಜಿಯ ಮೈಮೇಲೆ ಒಂದು ಸುಕ್ಕಿಲ್ಲದೆ ಕೂತಿತು. ಮೇಡಂ ಅವಳ ಸುತ್ತ ಒಂದು ಸುತ್ತು ಬಂದರು. ಆಮೇಲೆ ಅವನನ್ನು ನೋಡಿದರು. ಅವನು ನೆಲ ನೋಡಿದ.

“ಚೆನ್ನಾಗಿದೆ. ಬಿಚ್ಚಲ್ಲ,” ಎಂದಳು ಅಜ್ಜಿ.

ಮೇಡಂ ಕೆಲಸ ಕೊಡುತ್ತೇನೆಂದರು. ನಾನು ವಾರಕ್ಕೆ ಮೂರೇ ದಿನ ಎಂದೆ. ಪ್ಯಾಟರ್ನ್ ಮೇಲೆ ನನ್ನ ಹೆಸರು ಇರಬೇಕು, ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ನನಗೇ ಕಲಿಸಬೇಕು ಎಂದೆ. ಮಿಕ್ಕ ಮೂರು ದಿನ ನನ್ನ ಸ್ವಂತ ಕೋಣೆ, ಸ್ವಂತ ಮೇಜು. ಎರಡೂ ಸೇರಬೇಕು ಎಂದವನ ಮುಂದೆಯೇ, ಅವನಿಲ್ಲದ ಪ್ಲಾನ್ ನನ್ನ ಬಾಯಿಂದ ಬಂತು. ಮೇಡಂ ಒಪ್ಪಿ ಬರೆದುಕೊಟ್ಟರು. ಅವನ ಬಿಲ್ಲೆ ಬಿಚ್ಚಿಸಿದರು.

ಮಾರನೇ ಮಧ್ಯಾಹ್ನ ಅವನು ಮನೆ ಬಾಗಿಲಲ್ಲಿ ನಿಂತಿದ್ದ.

“ನಿನ್ನ ಹೆಸರು ಹೇಳಬೇಕು ಅಂತಲೇ ಇದ್ದೆ ಕಣೇ. ಮೊದಲ ದಿನ ಹೊಗಳಿದರು, ನಿಜ ಹೇಳೋಕೆ ಬಾಯಿ ಬರಲಿಲ್ಲ. ಎರಡನೇ ದಿನದ ಹೊತ್ತಿಗೆ ತಡ ಆಗಿಹೋಗಿತ್ತು.”

“ನಾನು ದಿನಾ ಫೋನ್ ಮಾಡ್ತಿದ್ದೆ.”

“ಅದಕ್ಕೇ ಎತ್ತೋಕೆ ಭಯ ಆಗ್ತಿತ್ತು.” ಅವನ ಕಣ್ಣು ಈಗ ಯಾವ ಪರದೆಗೂ ಓಡಲಿಲ್ಲ. “ಪ್ರೀತಿ ಸುಳ್ಳಲ್ಲ, ಕಾಲಿಂಚು.”

“ಗೊತ್ತು. ಅದೇ ಕಷ್ಟ ಆಗಿರೋದು. ಒಳಗೆ ಬಾ, ಕೋಟಿನ ಟ್ರಯಲ್ ಇದೆ.”

ಅವನಿಗೆಂದು ಅರ್ಧ ಹೊಲಿದಿಟ್ಟಿದ್ದ ಕೋಟು ತೊಡಿಸಿದೆ. ಬೆನ್ನ ಮೇಲೆ ಅಂಗೈ ಸವರಿದೆ. ಆ ಬೆಚ್ಚನೆ ಬೆನ್ನು ನನ್ನ ಕೈಗೆ ಇನ್ನೂ ಗುರುತಿತ್ತು. ಕನ್ನಡಿಯಲ್ಲಿ ನಮ್ಮ ಕಣ್ಣುಗಳು ಸೇರಿದವು, ನಾನೇ ಮೊದಲು ಕಣ್ಣು ತೆಗೆದೆ.

“ಇರು, ಇನ್ನೊಂದು ಕೆಲಸ ಬಾಕಿ ಇದೆ,” ಎಂದು ಕೋಟು ಬಿಚ್ಚಿಸಿ ಒಳಮಗ್ಗುಲನ್ನು ಹೊರಗೆ ಮಾಡಿದೆ. ಲೈನಿಂಗನ್ನು ಇನ್ನೂ ಮುಚ್ಚಿರಲಿಲ್ಲ. ಪಕ್ಕದ ಹೊಲಿಗೆಗಳಲ್ಲಿ ಮುಂದಿನ ವರ್ಷಗಳಿಗೆಂದು ಬಿಟ್ಟಿದ್ದ ಬಟ್ಟೆ ಮಡಚಿಕೊಂಡು ಮಲಗಿತ್ತು. ಅವನು ದಪ್ಪಗಾಗುವ ವರ್ಷಗಳು. ಎರಡು ಟೀ ಕಪ್ಪಿನ ವರ್ಷಗಳು.

“ಅದನ್ನ ಕತ್ತರಿಸಿದ್ರೆ ಆಮೇಲೆ ಬಿಚ್ಚಿ ದೊಡ್ಡದು ಮಾಡೋಕಾಗಲ್ಲ,” ಎಂದ ಮೆಲ್ಲಗೆ.

“ಹೌದು.”

ಎರಡೂ ಬದಿ ಕತ್ತರಿಸಿದೆ. ಉದ್ದನೆಯ ಎರಡು ಪಟ್ಟಿಗಳು ನೆಲಕ್ಕೆ ಬಿದ್ದವು. ಕತ್ತರಿಸಿದ ಅಂಚು ಎಳೆ ಬಿಡದಂತೆ ಒಂದು ಸಾಲು ಹೊಲಿದು, ಲೈನಿಂಗ್ ಮುಚ್ಚಿ, ಕೊನೆಯ ಗುಂಡಿ ಇಟ್ಟೆ. ಕಥೆಯ ಹುಡುಗಿ ಯಾಕೆ ಹೊಲಿದಳೆಂದು ಅಜ್ಜಿಯನ್ನು ಇನ್ನು ಕೇಳಬೇಕಾಗಿಲ್ಲ. ಅರ್ಧ ಹೊಲಿದ ಕೋಟು ಮನೆಯಲ್ಲಿದ್ದರೆ, ಅದನ್ನು ತೊಡುವವನೂ ಮನೆಯಲ್ಲೇ ಇರುತ್ತಾನೆ.

ದಾರ ಸುತ್ತಿ ಗಂಟು ಹಾಕಿ ಹಲ್ಲಿನಿಂದ ಕಡಿದೆ. ಕೋಟು ಮುಗಿಯಿತು.