ಹಳೆಯ ಬೀಗಗಳ ಹಲೋ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಠಾಣೆಗೆ ಬಂದ ಟೈಲರ್ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿನ್ನೆ ಮಧ್ಯಾಹ್ನ ನಮ್ಮಮ್ಮ ಬಿದ್ದು, ಆಸ್ಪತ್ರೆಯವರು ಕೊಟ್ಟಿದ್ದ ಗುಂಡಿ ಒತ್ತಿದ್ರು. ನರ್ಸ್ ಬರ್ಲಿಲ್ಲ. ಬೇರೆ ಮನೆಗೆ ಹೋಗಿದ್ರಂತೆ. ಅಲ್ಲಿ ಯಾರಿಗೂ ಏನೂ ಆಗಿರ್ಲಿಲ್ವಂತೆ ಮೇಡಂ!"

ತಾಯಿಗೆ ಪಾರ್ಶ್ವವಾಯು ಹೊಡೆದಿತ್ತು. ನೆಲದ ಮೇಲೆ ಬಿದ್ದೇ ಇದ್ದ ಆಕೆಯ ಮಾತು ನಿಂತುಹೋಗಿತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೊರಟರು.

ಆಸ್ಪತ್ರೆಯವರು ರೋಗಿಗಳ ಮನೆಯಲ್ಲಿ ರಕ್ತದೊತ್ತಡ ಅಳೆಯುವ ಯಂತ್ರ ಇಟ್ಟಿದ್ದರು. ಅಳತೆ ಇಂಟರ್‌ನೆಟ್ ಮೂಲಕ ಬರುತ್ತದೆ. ಒತ್ತಡ ಮಿತಿಮೀರಿದರೆ ನರ್ಸ್ ಓಡುತ್ತಾರೆ. ಆ ಬಡಾವಣೆಗೆಲ್ಲ ಇದ್ದದ್ದು ಒಬ್ಬರೇ ನರ್ಸ್. ನಿನ್ನೆ ಅವರು ಓಡಿದ್ದು ಹಿಂದೆ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ಮೇಷ್ಟ್ರ ಮನೆಗೆ. ಅಲ್ಲಿಂದ ಮಿತಿಮೀರಿದ ಅಳತೆ ಬಂದಿತ್ತು; ಹೋಗಿ ನೋಡಿದರೆ ಮೇಷ್ಟ್ರ ಒತ್ತಡ ಸರಿಯಾಗಿಯೇ ಇತ್ತು.

"ಯಂತ್ರ ಕೆಟ್ಟಿತ್ತಾ?" ಇನ್‌ಸ್ಪೆಕ್ಟರ್ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗಿಯನ್ನು ಕೇಳಿದರು.

"ಇಲ್ಲ ಮೇಡಂ. ಯಂತ್ರ ಏನೇ ಕಳಿಸೋ ಮುಂಚೆ ನಮ್ಮ ಸರ್ವರ್‌ಗೆ ಹಲೋ ಅನ್ನತ್ತೆ, ನಂಗೆ ಇಂತಿಂಥ ಬೀಗ ಹಾಕೋಕೆ ಬರತ್ತೆ ಅಂತ ಹೇಳತ್ತೆ. ಸರ್ವರ್ ಅದ್ರಲ್ಲಿ ಒಂದು ಆರಿಸಿ, ತನ್ನ ಗುರುತಿನ ಪತ್ರ ತೋರಿಸತ್ತೆ. ಪತ್ರ ಸರಿಯಿದ್ರೆ ಬೀಗ ಬೀಳತ್ತೆ. ಆಮೇಲೆ ಅವರಿಬ್ಬರ ಮಾತು ಬೇರೆ ಯಾರಿಗೂ ಕೇಳಲ್ಲ."

"ಮತ್ತೆ ಸುಳ್ಳು ಅಳತೆ ಹೇಗೆ ಬಂತು?"

"ಹಲೋ ಅಂದಿದ್ದೇ ನಮ್ಮ ಯಂತ್ರ ಅಲ್ಲ. ನಮ್ಮದು ಮೂರೇ ಬೀಗ ಹೇಳತ್ತೆ. ಇದು ಉದ್ದಕ್ಕೆ ಓದಿದೆ, ನಾವೆಲ್ಲ ಎಂದೋ ಕೈಬಿಟ್ಟ ಬೀಗಗಳನ್ನೂ ಸೇರಿಸಿ. ಯಾವುದೋ ಹಳೇ ಕಂಪ್ಯೂಟರ್. ಆದ್ರೆ ಬಂದಿರೋದು ಮೇಷ್ಟ್ರ ಮನೆಯ ಇಂಟರ್‌ನೆಟ್ ಲೈನಿಂದಲೇ."

"ಯಂತ್ರದ ಪಾಸ್‌ವರ್ಡ್ ಬೇಡ್ವಾ?"

ಹುಡುಗಿ ತಲೆ ತಗ್ಗಿಸಿದಳು. "ಯಂತ್ರದ ತಳದಲ್ಲೇ ಅಂಟಿಸಿದ್ದೀವಿ."

"ಭೇಷ್," ಎಂದರು ಹೆಡ್ ಕಾನ್‌ಸ್ಟೇಬಲ್. "ಬೀಗ ಹಾಕಿ ಕೀಲಿಕೈನ ಬಾಗಿಲಿಗೇ ನೇತುಹಾಕಿದ ಹಾಗಾಯ್ತು."

ಮೇಷ್ಟ್ರ ಮನೆ ಮೂರನೇ ಮಹಡಿಯಲ್ಲಿತ್ತು. ವಯಸ್ಸು ಐವತ್ತರ ಆಸುಪಾಸು. ಹೆಂಡತಿ ಬಿಟ್ಟುಹೋಗಿ ವರ್ಷಗಳಾಗಿದ್ದವು. ಎರಡು ಕುರ್ಚಿಗಳಲ್ಲಿ ಒಂದಕ್ಕೆ ಮಾತ್ರ ಒಗೆದ ಹೊದಿಕೆ. ಅದು ಮನೆಗೆ ಬರುವ ನರ್ಸ್‌ಗೆಂದು ಇನ್‌ಸ್ಪೆಕ್ಟರ್‌ಗೆ ಹೇಳಬೇಕಾಗಲಿಲ್ಲ.

"ಹಳೇ ಕಂಪ್ಯೂಟರ್ ಇದೆಯಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮೇಷ್ಟ್ರ ಕಣ್ಣು ಮಂಚದಡಿಗೆ ಹೋಯಿತು. ಹೆಡ್ ಕಾನ್‌ಸ್ಟೇಬಲ್ ಅಲ್ಲಿದ್ದ ಕಂಪ್ಯೂಟರನ್ನು ಹೊರಗೆಳೆದರು. ಪಕ್ಕದ ಮನೆಯ ಇಬ್ಬರ ಸಮಕ್ಷಮ ಪಂಚನಾಮೆಯಾಯಿತು.

"ಯಾಕೆ?"

"ಆಪರೇಷನ್ ಆದಾಗ ನರ್ಸಮ್ಮ ದಿನಾ ಬರ್ತಿದ್ರು. ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳ್ತಿದ್ರು. ವಾಸಿಯಾಯ್ತು ನೋಡಿ, ಅದೇ ತಪ್ಪಾಯ್ತು. ಬರೋದು ನಿಂತೋಯ್ತು."

"ನಿನ್ನೆ ಅವರು ಇಲ್ಲಿಗೆ ಬಂದಾಗ ಇನ್ನೊಂದು ಮನೇಲಿ ಒಬ್ಬ ತಾಯಿ ಪಾರ್ಶ್ವವಾಯು ಹೊಡೆದು ಬಿದ್ದಿದ್ರು, ಮಾತೇ ನಿಂತೋಯ್ತು. ಇರೋದು ಒಬ್ರೇ ನರ್ಸ್ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಬಂದ್ರೆ ಅವರೇ ಬರ್ತಾರೆ ಅಂತಾನೇ..." ಮೇಷ್ಟ್ರು ಕುರ್ಚಿಯ ಹೊದಿಕೆ ಸರಿಮಾಡಿದರು. ಆಮೇಲೆ ಕೇಳಿದರು: "ಆ ತಾಯಿ ಈಗ ಮಾತಾಡ್ತಾರಾ?"

"ಇಲ್ಲ."

ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತರು. ಇನ್‌ಸ್ಪೆಕ್ಟರ್‌ಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಅವರೂ ಒಂಟಿ, ಕ್ವಾರ್ಟರ್ಸ್‌ನಲ್ಲಿ ಮನುಷ್ಯರ ದನಿ ಇರಲಿ ಎಂದು ಟಿವಿ ಹಾಕಿಕೊಂಡೇ ಮಲಗುವವರು. ಆದರೆ ಅದಕ್ಕಾಗಿ ಇನ್ನೊಬ್ಬರ ಜೀವ ಪಣಕ್ಕಿಟ್ಟವರಲ್ಲ.

ಸಂಜೆ ಐದೂವರೆಗೆ ಮೇಷ್ಟ್ರನ್ನು ಬಂಧಿಸಲಾಯಿತು. ಬಂಧನದ ವಿಷಯ ಹತ್ತಿರದವರೊಬ್ಬರಿಗೆ ತಿಳಿಸಬೇಕು.

"ಯಾರಿಗೆ ಫೋನ್ ಮಾಡ್ಲಿ?"

"ನರ್ಸಮ್ಮಂಗೆ..."

"ಅವರು ಸಾಕ್ಷಿ. ಆಗಲ್ಲ. ಬೇರೆ ಯಾರು?"

ಮೇಷ್ಟ್ರು ಮೊಬೈಲಿನ ಹೆಸರುಗಳನ್ನೆಲ್ಲ ಸರಿಸಿ ನೋಡಿ, ತಮ್ಮ ಕೇಂದ್ರದಲ್ಲಿ ಕಲಿತ ಒಬ್ಬ ಶಿಷ್ಯನ ನಂಬರ್ ಹೇಳಿದರು. ತುಂಬಾ ಹಚ್ಚಿಕೊಂಡಿದ್ದ ಹುಡುಗ ಎಂದರು. ಇನ್‌ಸ್ಪೆಕ್ಟರ್ ಫೋನನ್ನು ಸ್ಪೀಕರ್‌ಗೆ ಹಾಕಿ, ವಿಷಯ ತಿಳಿಸಿದರು.

ಆ ಕಡೆಯ ದನಿ ಕೇಳಿತು: "ಯಾವ ಮೇಷ್ಟ್ರು?"