ಕೂಗದ ಮೆಷಿನ್

ಕಾದ ಸೋಲ್ಡರಿಂಗ್ ಐರನ್ ನನ್ನ ಕಣ್ಣಿನಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು!

ಹಿಡಿದಿದ್ದವನು ಗೂಳಿ. ಡೀಲರ್ ಸಾಕಿಕೊಂಡಿದ್ದ ರೌಡಿ.

"ಚುಚ್ಲಾ ಬಾಸ್?"

"ತಡಿಯೋ... ಇವನಿಂದ ಕೆಲಸ ಇದೆ," ಡೀಲರ್ ನಕ್ಕ.

ಥೂ! ಹಳೇ ಆಕ್ಸಿಜನ್ ಮೆಷಿನ್‌ಗಳಿಗೆ ಬಣ್ಣ ಬಳಿದು ಹೊಸದೆಂದು ಮಾರುವವನು ಅವನು. ಬರುವ ಗಾಳಿಯಲ್ಲಿ ಆಕ್ಸಿಜನ್ ಕಡಿಮೆಯಾದರೆ ಮೆಷಿನ್ ಕೂಗಬೇಕು. ಕೂಗಿದರೆ ಗಿರಾಕಿ ವಾಪಸ್ ತರುತ್ತಾನೆ. ಅದಕ್ಕೇ ಈ ಪುಣ್ಯಾತ್ಮ ಒಳಗಿನ ಬೋರ್ಡಿನಲ್ಲಿ ಅಲಾರಂಗೆ ಹೋಗುವ ತಾಮ್ರದ ಗೆರೆಯನ್ನೇ ಬ್ಲೇಡಿನಿಂದ ಕುಯ್ದಿದ್ದ!

ನನ್ನ ಭಾವ ಅಂಥದ್ದೇ ಒಂದು ಮೆಷಿನ್ ಹಾಕಿಕೊಂಡು ಮಲಗಿದರು. ಮೆಷಿನ್ ಕೂಗಲಿಲ್ಲ. ಭಾವ ಏಳಲಿಲ್ಲ. ಪಕ್ಕದಲ್ಲೇ ಇದ್ದ ಅಕ್ಕನಿಗೆ ಗೊತ್ತೇ ಆಗಲಿಲ್ಲ.

ಸರ್ವಿಸ್ ನೆಪದಲ್ಲಿ ಡೀಲರ್ ಅದನ್ನು ವಾಪಸ್ ಒಯ್ದ. ನಾನು ಅವನ ವರ್ಕ್‌ಶಾಪಿಗೆ ನುಗ್ಗಿದೆ. ಪತ್ತೇದಾರನಾಗುವ ಮೊದಲು ರೇಡಿಯೊ ರಿಪೇರಿ ಮಾಡಿದವನು ನಾನು. ಭಾವನ ಮೆಷಿನ್‌ನ ಬೋರ್ಡ್ ಹೊರತೆಗೆದು, ಪವರ್ ಕೊಟ್ಟು ಪರೀಕ್ಷಿಸುತ್ತಿದ್ದಾಗ ಸಿಕ್ಕಿಬಿದ್ದೆ.

"ನಾಳೆ ಇನ್ಸ್‌ಪೆಕ್ಷನ್. ಈ ಮೆಷಿನ್ ಕೂಗ್ಬೇಕು. ಕುಯ್ದಿದ್ದನ್ನ ನೀನೇ ಸೇರಿಸು!" ಡೀಲರ್ ಗದರಿದ.

ಸೇರಿಸಿದರೆ ಸಾಕ್ಷಿ ಹೋಗುತ್ತದೆ. ಸೇರಿಸದಿದ್ದರೆ ಕಣ್ಣು.

ಪ್ಲಗ್ ಕಿತ್ತೆ. ಎರಡು ವೈರ್ ಸಿಕ್ಕಿಸಿದ್ದ ಬಲ್ಬಿಗೆ ಕೈ ಚಾಚಿದೆ.

"ಅದ್ಯಾಕೆ?"

"ದಪ್ಪ ಕೆಪಾಸಿಟರ್ ಇದೆ. ಪ್ಲಗ್ ಕಿತ್ರೂ ಕರೆಂಟ್ ಹಿಡಿದಿಟ್ಕೊಂಡಿರುತ್ತೆ. ಬಲ್ಬ್ ಹಚ್ಚಿ ಇಳಿಸಿದ ಮೇಲೇ ಬೋರ್ಡ್ ಮುಟ್ಟೋದು."

"ನನ್ನ ಕಿವಿ ಮೇಲೇ ಹೂ ಇಡ್ತೀಯಾ? ಟೈಮ್ ಎಳೀಬೇಡ!"

ಡೀಲರ್ ಬಲ್ಬ್ ಕಿತ್ತು ಗೋಡೆಗೆ ಎಸೆದ. ಫಟ್!

"ಮುಟ್ಬೇಡಿ!" ಗಂಟಲು ಹರಿಯುವಂತೆ ಕೂಗಿದೆ. ಅಂಥವನಿಗೂ ಕೂಗಿದೆ ನೋಡಿ... ಕಸುಬಿನ ಚಾಳಿ!

"ಪ್ಲಗ್ ಇಲ್ಲೇ ಬಿದ್ದಿದೆ, ಎಲ್ಲಿಯ ಕರೆಂಟು..." ಎನ್ನುತ್ತ ಎರಡೂ ಕೈಯಲ್ಲಿ ಬೋರ್ಡ್ ಬಾಚಿಕೊಂಡ.

ಠಪ್!

ಬೋರ್ಡ್ ಮೇಜಿಗೆ ಬಿತ್ತು. ಡೀಲರ್ ಕುರ್ಚಿ ಸಮೇತ ಅಂಗಾತ ಬಿದ್ದ. ಬೆಚ್ಚಿದ ಗೂಳಿ ಐರನ್ ಕೈಬಿಟ್ಟ. ಅದು ಅವನ ಪಾದದ ಮೇಲೇ ಕೂತಿತು. ಕುಂಟುತ್ತ, ಅರಚುತ್ತ ಹೊರಗೆ ಓಡಿದ.

ನಾನು ಮೀಟರ್ ಇಟ್ಟು ನೋಡಿದೆ. ಸೊನ್ನೆ. ಬಲ್ಬ್ ಮಾಡಬೇಕಾದ ಕೆಲಸವನ್ನು ಡೀಲರ್ ಮಾಡಿ ಮುಗಿಸಿದ್ದ.

ಅವನ ಬೆವರು ಅಂಟಿದ ಬೋರ್ಡ್ ಮುಟ್ಟಲೂ ಅಸಹ್ಯ. ಬಟ್ಟೆಯಲ್ಲಿ ಸುತ್ತಿ ಜೇಬಿಗಿಳಿಸಿ ಬಾಗಿಲಿಗೆ ಬಂದೆ.

"ಅಯ್ಯೋ... ಇನ್ನೊಂದ್ಸಲ ಹೇಳ್ಬಾರ್ದಿತ್ತಾ..." ನೆಲದಿಂದ ಡೀಲರ್ ನರಳಿದ.

"ನನ್ನ ಭಾವನ ಮೆಷಿನ್‌ಗಿಂತ ಒಂದು ಸಲ ಜಾಸ್ತಿನೇ ಕೂಗಿದ್ದೀನಿ."